ಹಳೇ ಆಯಿಲ್ ಮೇಲೆ ಹೊಸ ಆಯಿಲ್ ಓಡಿಸಬೇಡಿ

ಸರ್, ನಮ್ಮ ಬೌಲಿಂಗ್ ಸೆಂಟರಿನ ಲೇನ್‌ಗಳನ್ನ ಬೆಳಿಗ್ಗೆ ಸ್ಟ್ರಿಪ್ ಮಾಡಿ (ಹಳೇ ಆಯಿಲ್ ಪೂರ್ತಿ ತೆಗೆದು) ಆಯಿಲ್ ಹಾಕ್ತೀವಿ, ಮಧ್ಯಾಹ್ನ ಹೆಡ್ಸ್ (ಲೇನಿನ ಮುಂಭಾಗ) ಒಣಗಿತು ಅಂತ ಲೇನ್ ಮೆಷಿನ್‌ನ ಕ್ಲೀನರ್ ಆಫ್ ಇಟ್ಟು ಇನ್ನೊಂದು ರನ್ ಕೊಡ್ತೀವಿ, ಈಗ 3 ಮತ್ತು 4ನೇ ಲೇನಲ್ಲಿ ಬಾಲ್ ಹುಕ್ ಆಗ್ತಿಲ್ಲ (ಕೊನೆಯಲ್ಲಿ ತಿರುಗ್ತಿಲ್ಲ), ಪಿನ್ ಸ್ಪಾಟ್ ಬಿಟ್ಟು ಜಾರಿ, ಪಿನ್ ನಿಲ್ಲಿಸೋ ಮೆಷಿನ್ (ಪಿನ್‌ಸೆಟ್ಟರ್) ನಿಲ್ತಿದೆ ಅಂತ ಬರೆದಿದ್ದೀರಿ. ದಯವಿಟ್ಟು ಪಿನ್‌ಸೆಟ್ಟರ್ ಬಿಚ್ಚಬೇಡಿ, ಕಾಯಿಲೆ ಅಲ್ಲಿಲ್ಲ. ಹಳೇ ಸುಣ್ಣ ಕೆರೆಯದೆ ಮೇಲೆ ಹೊಸ ಸುಣ್ಣ ಬಳಿದ ಹಾಗಾಗಿದೆ ನಿಮ್ಮ ಲೇನ್.

ನಿಮ್ಮ ಪ್ಯಾಟರ್ನ್, ಅಂದರೆ ಆಯಿಲ್ ಹಾಕೋ ಉದ್ದ, 40 ಅಡಿ. ಬಾಲ್ ಬಿಡೋ ಫೌಲ್ ಲೈನಿಂದ ಮೊದಲ ಪಿನ್‌ಗೆ (ಹೆಡ್ ಪಿನ್) 60 ಅಡಿ, ಅಂದರೆ ಕೊನೆಯ 20 ಅಡಿ ಒಣಗಿಯೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ನೂರಾರು ಬಾಲ್ ಉರುಳಿ ಆಯಿಲನ್ನ ಮುಂದಕ್ಕೆ ಎಳೆದಿರುತ್ತವೆ. ಅದನ್ನ ತೆಗೆಯದೆ ಮೇಲೆ ಹಾಕಿದರೆ ಹೆಡ್ಸ್ ಸರಿಹೋದಂತೆ ಕಾಣುತ್ತೆ, ಆದರೆ ಮಧ್ಯದಲ್ಲಿ ಡಬಲ್ ಆಗಿ, ಹೆಚ್ಚಾದದ್ದು ಪಿನ್ ನಿಲ್ಲೋ ಜಾಗ, ಅಂದರೆ ಪಿನ್ ಡೆಕ್ ತನಕ ಹೋಗುತ್ತೆ. ಅಲ್ಲಿ ಎಣ್ಣೆ ಮೇಲೆ ನಿಂತ ಪಿನ್ ಸ್ವಲ್ಪ ತಗುಲಿದರೂ ಬೀಳದೆ ಪಕ್ಕಕ್ಕೆ ಜಾರುತ್ತೆ, ಮೆಷಿನ್ ಕೈಗೆ ಸಿಗಲ್ಲ. ಬಾಲ್ ವಾಪಸ್ ತರೋ ಬೆಲ್ಟ್ ಜಾರ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು, ನೋಡಿ.

ಮೊದಲು ಆಯಿಲ್ ಆಫ್ ಮಾಡಿ ಬರೀ ಕ್ಲೀನ್ ರನ್ ಎರಡು ಸಲ. ಆಮೇಲೆ ಬಿಳಿ ಟಿಶ್ಯೂಗೆ ಐಸೊಪ್ರೊಪೈಲ್ ಹಚ್ಚಿ 10 ಅಡಿ, 45 ಅಡಿ, ಪಿನ್ ಡೆಕ್, ಮೂರೂ ಕಡೆ ಗಟರಿಂದ ಗಟರಿಗೆ (ಒಂದು ಪಕ್ಕದ ಕಾಲುವೆಯಿಂದ ಇನ್ನೊಂದಕ್ಕೆ) ಒರೆಸಿ. ಬೂದು ಬಣ್ಣ ಬಂದರೆ ಕ್ಲೀನ್ ಆಗಿಲ್ಲ. ಒಂದೇ ಪಟ್ಟಿಯಲ್ಲಿ ಮಾತ್ರ ಬಂದರೆ ಮೆಷಿನ್‌ನ ಸ್ಕ್ವೀಜಿ ಬ್ಲೇಡ್ (ನೀರು ಎಳೆಯೋ ಪಟ್ಟಿ) ಅಲ್ಲಿ ಸವೆದಿದೆ ಅಥವಾ ಬ್ಲೇಡ್ ಮಧ್ಯೆ ನೂಲು ಸಿಕ್ಕಿಕೊಂಡಿದೆ. ಅಗಲಪೂರ್ತಿ ಬಂದರೆ ಕ್ಲೀನರ್ ಕಡಿಮೆ. ಪಿನ್ ಡೆಕ್‌ನಲ್ಲಿ ಮಾತ್ರ ಒದ್ದೆ ಉಳಿದರೆ ವ್ಯಾಕ್ಯೂಮ್ ಎಳೀತಿಲ್ಲ: ಹೋಸ್ ನೋಡಿ, ಫಿಲ್ಟರ್ ನೋಡಿ, ಟ್ಯಾಂಕ್ ತುಂಬಿದೆಯಾ ನೋಡಿ. ಒದ್ದೆ ಮೇಲೆ ಬಿದ್ದ ಆಯಿಲ್ ನಿಲ್ಲಲ್ಲ, ಗೆರೆ ಗೆರೆ ಆಗುತ್ತೆ.

ಈಗ ನೀರಿನ ವಿಷಯ, ಇದನ್ನ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಬೋರ್‌ವೆಲ್ ನೀರಲ್ಲಿ ಕ್ಲೀನರ್ ಕಲಸಬೇಡಿ. ಬೆಂಗಳೂರಿನ ಬೋರ್ ನೀರು ಬಹುಪಾಲು ಗಡಸು. ಕ್ಲೀನರ್‌ನ ಶಕ್ತಿ ಅದರಲ್ಲೇ ಒಂದಿಷ್ಟು ಹೋಗುತ್ತೆ, ಸ್ಪ್ರೇ ಟಿಪ್‌ನಲ್ಲಿ ಬಿಳಿ ಗಟ್ಟಿ ಕಟ್ಟುತ್ತೆ, ಲೇನಿನ ಕೊನೆಯ ಒಣ ಭಾಗದಲ್ಲಿ ಸಣ್ಣ ಬಿಳಿ ಪುಡಿ ಉಳಿಯುತ್ತೆ. ಆರ್‌ಒ ನೀರು ಅಥವಾ ಡಿಸ್ಟಿಲ್ಡ್, ಅಷ್ಟೇ. ಪ್ರಮಾಣ ಸಾಮಾನ್ಯವಾಗಿ ಒಂದು ಪಾಲಿಗೆ ನಾಲ್ಕು ಪಾಲು ನೀರಿನ ಆಸುಪಾಸು, ಆದರೆ ಕ್ಯಾನ್ ಮೇಲೆ ಬರೆದದ್ದೇ ಅಂತಿಮ. ಅಳತೆ ಜಗ್ ಇಟ್ಟುಕೊಳ್ಳಿ, ಕಣ್ಣಳತೆ ಬೇಡ. ಉಳಿತಾಯಕ್ಕೆ ಫಿನಾಯಿಲ್, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕೋರಿದ್ದಾರೆ. ನೊರೆ ಟ್ಯಾಂಕಿಂದ ವ್ಯಾಕ್ಯೂಮ್ ಮೋಟಾರಿಗೆ ಹೋದ ಮೇಲೆ ಆ ಉಳಿತಾಯದ ಲೆಕ್ಕ ನೀವೇ ಹಾಕಿ. ಕೆಗೆಲ್ಲೋ ಬ್ರನ್ಸ್‌ವಿಕ್ಕೋ ಅಂತ ಮೆಷಿನ್ ಬ್ರ್ಯಾಂಡ್ ಬಗ್ಗೆ ಜಗಳ ಆಡೋದಕ್ಕಿಂತ ಬ್ಲೇಡ್ ಮತ್ತು ಡಸ್ಟರ್ ಬಟ್ಟೆ ಕಾಲಕಾಲಕ್ಕೆ ಬದಲಾಯಿಸೋದು ಮೇಲು. ಒಂದು ಮಾತು ಮಾತ್ರ: ಆಯಿಲ್ ಒಂದು ಕಂಪನಿದು, ಕ್ಲೀನರ್ ಇನ್ನೊಂದು ಅಂತ ಬೆರೆಸೋ ಮುಂಚೆ ಒಂದೇ ಲೇನಲ್ಲಿ ಟಿಶ್ಯೂ ಹಾಕಿ ನೋಡಿ.

ಮಧ್ಯಾಹ್ನ ಹೆಡ್ಸ್ ಒಣಗೋದು ಸಹಜ, ರಿಯಾಕ್ಟಿವ್ ಬಾಲ್‌ಗಳು ಆಯಿಲ್ ಹೀರ್ತವೆ. ಮತ್ತೆ ಹಾಕಬೇಕಿದ್ದರೆ ಪೂರ್ತಿ ಸ್ಟ್ರಿಪ್ ಮಾಡಿಯೇ ಹಾಕಿ. ಟೈಮ್ ಇಲ್ಲವಾ, ಸುಮ್ಮನೆ ಬಿಟ್ಟುಬಿಡಿ.

ಅಪ್ರೋಚ್ (ಬಾಲ್ ಬಿಡೋಕೆ ಹೆಜ್ಜೆ ಹಾಕಿ ಬರೋ ನೆಲ) ಜಾರುತ್ತೆ ಅಂತಲೂ ಕೊನೆಗೆ ಬರೆದಿದ್ದೀರಿ. ಲೇನ್ ಮೇಲೆ ಓಡಾಡಿದ ಶೂನಲ್ಲೇ ಅಪ್ರೋಚ್ ತುಳೀತಿದ್ದೀರಿ, ಇಲ್ಲ ಮೆಷಿನ್ ಒಂದು ಲೇನಿಂದ ಇನ್ನೊಂದಕ್ಕೆ ಸರಿಸುವಾಗ ಎಣ್ಣೆ ತೊಟ್ಟಿಕ್ತಿದೆ. ಶೂ ಕವರ್ ಹಾಕಿ, ಚಕ್ರ ಒರೆಸಿ. ಅಪ್ರೋಚಿನ ಮಾಪ್ ಬೇರೆಯೇ ಇರಲಿ, ಗಟರ್ ಒರೆಸಿದ ಮಾಪ್ ಅಲ್ಲಿಗೆ ತರಲೇಬೇಡಿ. ಟಾಲ್ಕಂ ಪೌಡರ್ ಉದುರಿಸೋ ಗಿರಾಕಿಗಳನ್ನ ಅಲ್ಲೇ ತಡೀರಿ. ಅವರು ಚೆನ್ನಾಗಿ ಸ್ಲೈಡ್ ಆಗ್ತಾರೆ, ಹಿಂದಿನವರು ಸೊಂಟ ಮುರ್ಕೋತಾರೆ.

ಇಷ್ಟು ಮಾಡಿದ ಮೇಲೂ 4ರಲ್ಲಿ ಬಾಲ್ ಒಂದೇ ಕಡೆ ಎಳೆದರೆ ಆಗ ಲೆವೆಲ್ ನೋಡಿ. ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ಮಿತಿ ಲೇನ್ ಅಗಲಕ್ಕೆ ಇಂಚಿನ ಸಾವಿರದಲ್ಲಿ 40 ಭಾಗ, ಹೆಚ್ಚೂಕಡಿಮೆ 1 ಮಿಮೀ. ಬಡಗಿಯ ಸ್ಪಿರಿಟ್ ಲೆವೆಲ್ ಇದಕ್ಕೆ ಸಾಲದು, ಡಿಜಿಟಲ್ ಲೆವೆಲ್ ಬೇಕು. ತಗ್ಗು, ಉಬ್ಬಿಗೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ತೂರಿಸಿ. ನಿಮ್ಮದು ಸಿಂಥೆಟಿಕ್, ಮರದ ಲೇನ್ ಹಾಗೆ ಉಜ್ಜಿ ಕೋಟಿಂಗ್ ಹೊಡೆಯೋಕೆ ಆಗಲ್ಲ. ಉಜ್ಜಿದರೆ ಮೇಲಿನ ಪದರವೇ ಹೋಗುತ್ತೆ. ಸರಿಮಾಡೋದು ಕೆಳಗಿಂದ, ಶಿಮ್ (ತೆಳು ಪಟ್ಟಿ) ಹಾಕಿ. ಆದರೆ ರಾತ್ರಿ ಎಸಿ ಆಫ್ ಮಾಡ್ತೀರಾದರೆ ಮಳೆಗಾಲದಲ್ಲಿ ಅಡಿಯ ಮರ ತೇವ ಹೀರಿ ಉಬ್ಬಿರುತ್ತೆ. ಮೊದಲು ಹಗಲೂ ರಾತ್ರಿ ತೇವಾಂಶ 40ರಿಂದ 50 ಪರ್ಸೆಂಟ್ ಒಳಗೆ ಹಿಡಿದು, ಅಳತೆ ಒಂದೇ ಕಡೆ ನಿಂತ ಮೇಲೆ ಶಿಮ್ ಹಾಕಿ. ಉಬ್ಬಿದ ಮರಕ್ಕೆ ಹಾಕಿದರೆ ಡಿಸೆಂಬರ್‌ನಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತೆ.