ಎರಡು ಕ್ರಿಸ್‌ಮಸ್, ನಡುವೆ 13 ದಿನ

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಾನು ದಕ್ಷಿಣ ಕನ್ನಡದವಳು. ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಒಂದು ಮಿಷನ್ ಶಾಲೆಗೆ ಟೀಚರ್ ಆಗಿ ಬಂದೆ, ಎರಡು ವರ್ಷಕ್ಕೆ. ಶಾಲೆ, ಮಕ್ಕಳು, ಊಟ ಎಲ್ಲ ಒಗ್ಗಿತು. ಆದರೆ ಡಿಸೆಂಬರ್ 25ಕ್ಕೆ ಇಲ್ಲಿ ರಜೆಯೇ ಇಲ್ಲ, ಇಡೀ ದಿನ ಪಾಠ ಇದೆ ಅಂತ ಮೊನ್ನೆ ಗೊತ್ತಾಯಿತು. ಆವತ್ತಿನಿಂದ ಮನಸ್ಸೇ ಸರಿ ಇಲ್ಲ. ಏಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಇಲ್ಲ, ಹಬ್ಬದ ಕುಸ್ವಾರ್ ತಿಂಡಿ ಇಲ್ಲ, ಈ ಹಬ್ಬ ಹೇಗೆ ಕಳೆಯಲಿ? ತರಗತಿಯಲ್ಲಾದರೂ ಕೇಕ್ ಕತ್ತರಿಸಿ ಸಣ್ಣ ಪಾರ್ಟಿ ಮಾಡಲಾ?
– ಒಬ್ಬ ಟೀಚರ್, ಇಥಿಯೋಪಿಯಾ

ಉತ್ತರ: ಮಗಳೇ, ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡ್ಕೋಬೇಡ. ನಿನ್ನ ಕಾಗದ ಎರಡು ಸಲ ಓದಿದೆ. ನಾನು ಆ ದೇಶಕ್ಕೆ ಹೋದದ್ದು 2006ರಲ್ಲಿ. ಆ ವರ್ಷ ಡಿಸೆಂಬರ್ 25 ಸೋಮವಾರ ಬಂದಿತ್ತು. ಬೆಳಿಗ್ಗೆ ಎದ್ದು ಕಾನ್ವೆಂಟಿನ ಪುಟ್ಟ ಕೋಣೆಯಲ್ಲಿ ನಾವು ನಾಲ್ಕು ಜನ ಪ್ರಾರ್ಥನೆ ಮಾಡಿ, ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿ, ಸೀದಾ ಏಳನೇ ತರಗತಿಗೆ ಹೋಗಿ ಭಿನ್ನರಾಶಿ ಕಲಿಸಿದೆ. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಕಣ್ಣು ತುಂಬಿಕೊಂಡಿತ್ತು. ಹಾಗಾಗಿ ನಿನ್ನ ಸಂಕಟ ನನಗೆ ಗೊತ್ತು. ಅಳು ಬಂದರೆ ಅತ್ತುಬಿಡು, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಪಾರ್ಟಿ ಬೇಡ. ಆ ದಿನ ಮಾತ್ರ ಬೇಡ. ಯಾಕೆ ಅಂತ ಹೇಳ್ತೇನೆ.

ಅಲ್ಲಿ ಕ್ರಿಸ್‌ಮಸ್ ಅಂದರೆ ಗೆನ್ನಾ, ಅದು ಬರುವುದು ಜನವರಿ 7ಕ್ಕೆ. ಅದಕ್ಕೆ ಮುಂಚೆ 43 ದಿನ ಉಪವಾಸ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಮುಟ್ಟುವ ಹಾಗಿಲ್ಲ, ದಿನದ ಮೊದಲ ಊಟವನ್ನೂ ಎಷ್ಟೋ ಜನ ಮಧ್ಯಾಹ್ನದ ಮೇಲೆಯೇ ಮಾಡುತ್ತಾರೆ. ಅಂದರೆ ನಮ್ಮ ಡಿಸೆಂಬರ್ 25 ಬೀಳುವುದು ಅವರ ಉಪವಾಸದ ಮಧ್ಯದಲ್ಲಿ. ನಾವು ಕೇಕ್ ಕತ್ತರಿಸುವಾಗ ಮುಂದೆ ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಜನ, ಅದರಲ್ಲೂ ಸ್ವಲ್ಪ ದೊಡ್ಡವರು, ಮನೆಯವರ ಜೊತೆ ಉಪವಾಸ ಇರುತ್ತಾರೆ. ಟೀಚರ್ ಕೊಟ್ಟದ್ದನ್ನು ಬೇಡ ಅನ್ನಲೂ ಆಗದೆ, ತಿನ್ನಲೂ ಆಗದೆ ಆ ಮಗು ಏನು ಮಾಡಬೇಕು ಹೇಳು?

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಆ ಸೋಮವಾರ ಸಂಜೆ ಒಂದು ತಟ್ಟೆ ನೆವ್ರ್ಯೊ, ಅಂದರೆ ನಮ್ಮ ಕರ್ಜಿಕಾಯಿ, ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಎರಡು ದಿನ ಕಷ್ಟಪಟ್ಟು ಮಾಡಿದ್ದು. ಅಲ್ಲಿ ಎತ್ತರದ ಪ್ರದೇಶ, ತೆಂಗಿನಕಾಯಿ ಸಿಗುವುದಿಲ್ಲ, ಹಾಗಾಗಿ ಹೂರಣಕ್ಕೆ ಬರೀ ಎಳ್ಳು, ಸಕ್ಕರೆ. ಎಳ್ಳು ಬೇಕಾದಷ್ಟು ಸಿಗುತ್ತದೆ, ಒಳ್ಳೆಯದೂ ಹೌದು. ಹಿಟ್ಟಿಗೆ ಮಾತ್ರ ಊರಿನ ರೂಢಿಯಂತೆ ತುಪ್ಪ ಹಾಕಿದ್ದೆ. ಆ ಮನೆಯ ಅಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಒಂದನ್ನು ಮೂಗಿನ ಹತ್ತಿರ ಹಿಡಿದರು, ತುಪ್ಪದ ವಾಸನೆ ಗೊತ್ತಾಯಿತು. ಏನೂ ಹೇಳಲಿಲ್ಲ. ತಟ್ಟೆಯ ಮೇಲೆ ಒಂದು ಬಿಳಿ ಬಟ್ಟೆ ಮುಚ್ಚಿ ಎತ್ತಿಟ್ಟು, ನನಗೆ ಕಾಫಿ ಮಾಡಲು ಕೂತರು. ಹಸಿ ಬೀಜ ತೊಳೆದು, ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರಲ್ಲ, ಹಾಗೆ. ಮೂರನೆಯ ಸುತ್ತಿಗೆ ಬರಕಾ ಅನ್ನುತ್ತಾರೆ, ಆಶೀರ್ವಾದ ಅಂತ ಅರ್ಥ. ನಾನು ತಂದ ತಿಂಡಿಯನ್ನು ಅವರು ತಿನ್ನುವ ಹಾಗಿರಲಿಲ್ಲ, ಆದರೂ ನನ್ನನ್ನು ಬರಕಾ ಕುಡಿಸದೆ ಕಳಿಸಲಿಲ್ಲ. ಮರುದಿನ ಶಾಲೆಯಲ್ಲಿ ಜೊತೆಯ ಟೀಚರ್ ಒಬ್ಬರು ವಿಷಯ ಬಿಡಿಸಿ ಹೇಳಿದಾಗ ನಾಚಿಕೆಯಾಯಿತು. ಮಾರನೇ ವರ್ಷ ತುಪ್ಪದ ಬದಲು ಎಣ್ಣೆ ಕಾಯಿಸಿ ಹಾಕಿದೆ. ಆ ಸಲ ತಟ್ಟೆ ಅಲ್ಲೇ ಖಾಲಿಯಾಯಿತು, ಮಕ್ಕಳು ಬೆರಳಿಗೆ ಅಂಟಿದ ಎಳ್ಳನ್ನೂ ಬಿಡಲಿಲ್ಲ.

ಇನ್ನೊಂದು ವಿಷಯ ನಿನಗೆ ತಿಳಿದಿರಲಿ. ನಾವು ಮಿಷನರಿ ಅಂತ ಹೋದವರು, ಆದರೆ ಆ ದೇಶಕ್ಕೆ ಕ್ರಿಸ್‌ಮಸ್ ಕಲಿಸುವ ಅಗತ್ಯ ಇಲ್ಲ. ಅಲ್ಲಿನ ಹಳೆಯ ರಾಜ್ಯ ಅಕ್ಸುಮಿನ ದೊರೆ ಎಜಾನಾ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವರು ತಮ್ಮದೇ ಭಾಷೆಯಲ್ಲಿ, ತಮ್ಮದೇ ರಾಗದಲ್ಲಿ ಹಾಡಿಕೊಂಡು ಬಂದಿದ್ದಾರೆ. 17ನೇ ಶತಮಾನದಲ್ಲಿ ನಮ್ಮವರೇ, ಅಂದರೆ ಕಥೋಲಿಕ ಪಾದ್ರಿಗಳು, ಅಲ್ಲಿಗೆ ಹೋಗಿ ಅವರ ಆರಾಧನೆ ಬದಲಾಯಿಸಿ, ಹಬ್ಬದ ದಿನಗಳನ್ನೂ ರೋಮಿನ ಲೆಕ್ಕಕ್ಕೆ ತರಲು ನೋಡಿದರು. ದೊರೆ ಸುಸೆನ್ಯೋಸ್ ಒಪ್ಪಿದ, ಜನ ಒಪ್ಪಲಿಲ್ಲ. ದಂಗೆ ಎದ್ದಿತು, ತುಂಬ ಜನ ಸತ್ತರು. ಕೊನೆಗೆ 1632ರಲ್ಲಿ ಆತ ಪಟ್ಟ ಬಿಟ್ಟ, ಮಗ ಫಾಸಿಲಿದಸ್ ಪಾದ್ರಿಗಳನ್ನೆಲ್ಲ ದೇಶದಿಂದ ಹೊರಗೆ ಹಾಕಿದ. ಆಗ ಅಲ್ಲಿದ್ದ ಪೇತ್ರಿಯಾರ್ಕ, ಅಂದರೆ ಆ ಪಾದ್ರಿಗಳ ಮುಖ್ಯಸ್ಥ, ಅಫೋನ್ಸೊ ಮೆಂಡಿಸ್ ಕೊನೆಗೆ ಬಂದು ಸೇರಿದ್ದು ಎಲ್ಲಿಗೆ ಗೊತ್ತಾ? ಗೋವೆಗೆ. ನಮ್ಮ ಮಂಗಳೂರು ಕಡೆಯ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಹೊರಟು ಬಂದ ಅದೇ ಗೋವೆ. ನನಗೆ ಇದು ಬರೀ ಇತಿಹಾಸದ ಪಾಠ ಅನಿಸುವುದಿಲ್ಲ. ಅಲ್ಲಿ ಚಾಕ್ ಹಿಡಿದು ನಿಂತಾಗಲೆಲ್ಲ ನೆನಪಾಗುತ್ತಿತ್ತು.

ಹಾಗಾದರೆ 25ಕ್ಕೆ ಏನು ಮಾಡಲಿ ಅಂತ ಕೇಳ್ತೀಯ ಅಲ್ವಾ. ನಿನ್ನ ಕೋಣೆಯಲ್ಲಿ ಗೋದಲಿ ಕಟ್ಟು. ಪೇಟೆಯಿಂದ ಬೊಂಬೆ ತರಬೇಕಾಗಿಲ್ಲ, ನಾವು ಅಲ್ಲಿನ ಕೆಮ್ಮಣ್ಣಿನಲ್ಲೇ ಮಾಡಿದೆವು, ಭತ್ತದ ಹುಲ್ಲಿನ ಬದಲು ತೆಫ್ ಎಂಬ ಅಲ್ಲಿನ ಸಣ್ಣ ಕಾಳಿನ ಒಣ ಹುಲ್ಲು ಹಾಸಿದೆವು. ಹತ್ತಿರದಲ್ಲಿ ಬೇರೆ ಭಾರತೀಯ ಟೀಚರುಗಳಿದ್ದರೆ ರಾತ್ರಿ ಊಟಕ್ಕೆ ಕರೆ. ಪಾಠ ಮಾತ್ರ ಬಿಡಬೇಡ. ಆಮೇಲೆ 13 ದಿನ ಕಾಯಿ. ಈ ಕಾಯುವುದರಲ್ಲೇ ನನಗೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಕಾಯುವ ವಾರಗಳ, ಅರ್ಥ ಮೊದಲ ಸಲ ಸರಿಯಾಗಿ ಗೊತ್ತಾದದ್ದು. ಊರಲ್ಲಿ ಡಿಸೆಂಬರ್ ಒಂದಕ್ಕೇ ನಕ್ಷತ್ರ ತೂಗುಹಾಕಿ ತಿಂಡಿ ತಿನ್ನಲು ಶುರು ಮಾಡಿಬಿಡುತ್ತೇವೆ.

ಜನವರಿ 6ರ ಮಧ್ಯಾಹ್ನದಿಂದಲೇ ಕೇರಿ ತುಂಬ ಈರುಳ್ಳಿ ಬೇಯುವ ವಾಸನೆ ಬರುತ್ತದೆ. ಅದು ದೋರೊ ವಾಟ್, ಹಬ್ಬದ ಕೋಳಿ ಸಾರು. ಈರುಳ್ಳಿಯನ್ನು ಮೊದಲು ಎಣ್ಣೆ ಹಾಕದೆ ಗಂಟೆಗಟ್ಟಲೆ ಬಾಡಿಸಿ, ಬರ್ಬರೆ ಖಾರ ಹಾಕಿ, ಮಸಾಲೆ ಬೆಣ್ಣೆ ಬಿಟ್ಟು, ಕೋಳಿಯನ್ನು ಲೆಕ್ಕ ಹಾಕಿ 12 ತುಂಡು ಮಾಡಿ, ಮೇಲೆ ಬೇಯಿಸಿದ ಇಡೀ ಮೊಟ್ಟೆ. ಅಂಗಳದಲ್ಲೇ ಕಲಿಯುತ್ತಾ ಕೂತುಕೊ, ಈರುಳ್ಳಿ ಹೆಚ್ಚಿಕೊಡು, ಯಾರೂ ಬೇಡ ಅನ್ನುವುದಿಲ್ಲ. ರಾತ್ರಿ ಎಲ್ಲರೂ ನೆತೆಲಾ ಎಂಬ ತೆಳು ಬಿಳಿ ಶಾಲು ಹೊದ್ದು ಚರ್ಚಿಗೆ ಹೋಗುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ತಾಸುಗಟ್ಟಲೆ ನಿಂತೇ ಇರುವುದು, ದೊಡ್ಡ ಡೋಲು ಬಡಿಯುತ್ತಾ ಪಾದ್ರಿಗಳು ಹಾಡುತ್ತಾರೆ. ಸ್ವೆಟರ್ ಹಾಕಿಕೊಂಡು ಹೋಗು. ಅಡಿಸ್ ಅಬಾಬಾನೇ ಸಮುದ್ರಮಟ್ಟದಿಂದ 2,300 ಮೀಟರಿಗಿಂತ ಎತ್ತರದಲ್ಲಿದೆ, ಆ ಹೊತ್ತಿನ ಚಳಿ ನಮ್ಮ ಕರಾವಳಿಯವರಿಗೆ ತಡೆಯುವಂಥದ್ದಲ್ಲ.

ಉಪವಾಸ ಮುರಿಯುವ ಊಟಕ್ಕೆ ಕರೆದರೆ ಇಲ್ಲ ಅನ್ನಬೇಡ. ನೆಲಕ್ಕೆ ಹಸಿ ಹುಲ್ಲು ಹರಡಿರುತ್ತಾರೆ. ಎಲ್ಲರಿಗೂ ಒಂದೇ ಹರಿವಾಣ. ಮನೆಯ ಹಿರಿಯರು ಇಂಜೆರಾದಲ್ಲಿ, ಅಂದರೆ ತೆಫ್ ಹಿಟ್ಟಿನ ದೋಸೆಯಂಥ ರೊಟ್ಟಿಯಲ್ಲಿ, ಸಾರು, ಮೊಟ್ಟೆ ಸೇರಿಸಿ ಸುತ್ತಿ ತಾವೇ ನಿನ್ನ ಬಾಯಿಗೆ ಇಡುತ್ತಾರೆ. ಅದಕ್ಕೆ ಗುರ್ಶಾ ಅನ್ನುತ್ತಾರೆ. ನಮ್ಮ ಕೈತುತ್ತೇ ಅದು. ನೆವ್ರ್ಯೊ ಎತ್ತಿಟ್ಟ ಅದೇ ಅಮ್ಮ ಆ ಜನವರಿ 7ರಂದು ನನಗೆ ಗುರ್ಶಾ ಕೊಟ್ಟರು. ನನ್ನ ತಾಯಿ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು, ಆಮೇಲೆ ಯಾರೂ ನನಗೆ ಹಾಗೆ ತಿನ್ನಿಸಿರಲಿಲ್ಲ.

ತರಗತಿಯ ಪಾರ್ಟಿಯನ್ನು ಗೆನ್ನಾ ಕಳೆದ ಮೇಲೆ ಮಾಡು. ಅಷ್ಟರಲ್ಲಿ ಮಕ್ಕಳು ಬಾಗಿದ ಕೋಲು, ಮರದ ಚೆಂಡು ಹಿಡಿದು ಹಾಕಿಯಂಥ ಆಟ ಆಡಿ ಮೊಣಕಾಲು ಕೆತ್ತಿಸಿಕೊಂಡು ಬಂದಿರುತ್ತಾರೆ. ಆ ಆಟದ ಹೆಸರೂ ಗೆನ್ನಾ. ಗೆನ್ನಾ ಆಟದಲ್ಲಿ ಧಣಿ ಸಿಟ್ಟಾಗಬಾರದು ಅಂತ ಅಲ್ಲೊಂದು ಗಾದೆಯೇ ಇದೆ.

ಪ್ರಶ್ನೆ: ಸಿಸ್ಟರ್, ನನ್ನ ಮಗಳು ಇದೇ ಮೊದಲ ಸಲ ಹಬ್ಬಕ್ಕೆ ಮನೆಯಲ್ಲಿಲ್ಲ. ಇಥಿಯೋಪಿಯಾದ ಕಾನ್ವೆಂಟ್ ಶಾಲೆಯಲ್ಲಿ ಟೀಚರ್. ಏನು ಕಳಿಸಲಿ? ರಾತ್ರಿ ಪೂಜೆ ಮುಗಿಸಿ ಬಂದು ಫೋನ್ ಮಾಡಿದರೆ ಅವಳಿಗೆ ಎಷ್ಟು ಗಂಟೆ ಆಗಿರುತ್ತದೆ?
– ಒಬ್ಬ ತಾಯಿ, ಉಡುಪಿ ಜಿಲ್ಲೆ

ಉತ್ತರ: ಅಮ್ಮಾ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಿಮಗೆ ರಾತ್ರಿ 12 ಆದಾಗ ಅವಳಿಗೆ ಒಂಬತ್ತೂವರೆ, ಎಚ್ಚರವಾಗಿಯೇ ಇರುತ್ತಾಳೆ. ಒಂದು ಎಚ್ಚರಿಕೆ: ಅಲ್ಲಿನವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಲೆಕ್ಕದಲ್ಲಿ. ನಮ್ಮ ಬೆಳಿಗ್ಗೆ ಏಳು ಅವರ ಬಾಯಲ್ಲಿ ಒಂದು ಗಂಟೆ. ಮಗಳು "ಎರಡು ಗಂಟೆಗೆ ಶಾಲೆ" ಅಂದರೆ ಗಾಬರಿಯಾಗಬೇಡಿ, ಅದು ಎಂಟು ಗಂಟೆ.

ಪೂಜೆ ಮುಗಿದ ಮೇಲೆ ಯಾಕೆ, ಪೂಜೆಯ ಹೊತ್ತಿಗೇ ಮಾಡಿ. ನನ್ನ ತಂಗಿ ಒಂದು ವರ್ಷ ಚರ್ಚಿನ ಹಿಂದಿನ ಬೆಂಚಲ್ಲಿ ಕೂತು, ಗ್ಲೋರಿಯಾ ಹಾಡುವಾಗ ಫೋನ್ ಹಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಅವಳು ಒಂದು ಮಾತೂ ಆಡಲಿಲ್ಲ. ನನಗೆ ಗಂಟೆ ಕೇಳಿಸಿತು, ಎಲ್ಲೋ ಒಂದು ಮಗು ಅಳುವುದು ಕೇಳಿಸಿತು, ನಮ್ಮೂರಿನ ಕೊಯರಿನವರು ಯಾವಾಗಲೂ ಮೇಲಿನ ಸ್ವರ ಎಳೆಯುವ ಆ ರೀತಿ ಕೇಳಿಸಿತು. ಆರು ವರ್ಷದಲ್ಲಿ ಊರಿಂದ ಬಂದದ್ದರಲ್ಲಿ ನನಗೆ ಅದೇ ದೊಡ್ಡದು.

ಪಾರ್ಸೆಲ್ ಕಳಿಸುವುದಾದರೆ ಈಗಲೇ ಕಳಿಸಿ, ಯಾರಾದರೂ ಹೋಗುವವರ ಕೈಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಸಕ್ಕರೆ ಪಾಕ ಹಿಡಿದ ಕಿಡಿಯೊ ತಿಂಡಿ ವಾರಗಟ್ಟಲೆ ಇರುತ್ತದೆ. ಹಿಟ್ಟಿಗೆ ಮೊಟ್ಟೆ, ಹಾಲು, ತುಪ್ಪ ಹಾಕಬೇಡಿ. ಯಾಕೆ ಅಂತ ಮೇಲಿನ ಉತ್ತರದಲ್ಲಿದೆ. ಅವಳೊಬ್ಬಳೇ ತಿನ್ನುವುದಿಲ್ಲ, ಹಂಚುತ್ತಾಳೆ. ರಾಗಿ ಕಳಿಸಬೇಕಾಗಿಲ್ಲ, ಡಗುಸಾ ಅಂತ ಕೇಳಿದರೆ ಅಲ್ಲಿನ ಸಂತೆಯಲ್ಲೇ ಸಿಗುತ್ತದೆ.

ಪ್ರಶ್ನೆ: ನಾವು ಕ್ರೈಸ್ತರಲ್ಲ, ಸುಮ್ನೆ ಕುತೂಹಲ. ಒಬ್ಬರೇ ಏಸು, ಹುಟ್ಟುಹಬ್ಬ ಎರಡು ದಿನ ಹೇಗೆ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಹಬ್ಬ ಒಂದೇ, ಪಂಚಾಂಗ ಎರಡು. ನಮ್ಮಲ್ಲಿ ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಇಲ್ಲವೇ? ಅಲ್ಲಿ ಹಬ್ಬ ಬೀಳುವುದು ಅವರ ತಹಸಾಸ್ ತಿಂಗಳ ಕೊನೆಯಲ್ಲಿ. 1582ರಲ್ಲಿ ರೋಮಿನಲ್ಲಿ ಕ್ಯಾಲೆಂಡರ್ ತಿದ್ದಿದಾಗ ಅವರು ತಮ್ಮ ಹಳೆಯ ಲೆಕ್ಕವನ್ನೇ ಉಳಿಸಿಕೊಂಡರು. ಆ ಅಂತರ ಈಗ 13 ದಿನ, 2100 ದಾಟಿದ ಮೇಲೆ 14 ಆಗುತ್ತದೆ. ಅವರ ವರ್ಷಕ್ಕೆ 13 ತಿಂಗಳು: 30 ದಿನದ 12, ಕೊನೆಯದು ಐದೋ ಆರೋ ದಿನದ್ದು. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. 2007ರ ಸೆಪ್ಟೆಂಬರಿನಲ್ಲಿ ಅವರು 2000ನೇ ವರ್ಷವನ್ನು ಬರಮಾಡಿಕೊಂಡರು, ನಾನು ಅಲ್ಲೇ ಇದ್ದೆ.

ಕನ್ನಡದವರಾದ ನಿಮಗೆ ಇನ್ನೊಂದು ಹೇಳಬೇಕು. ಅಲ್ಲಿನ ಅಕ್ಷರಕ್ಕೂ ಕಾಗುಣಿತ ಇದೆ, ಒಂದೊಂದು ಅಕ್ಷರಕ್ಕೆ ಏಳು ರೂಪ. ನಾನು ಕಲಿತದ್ದು ಒಂದನೇ ತರಗತಿಯ ಮಕ್ಕಳ ಪಕ್ಕದಲ್ಲಿ ಕೂತು. ಹಬ್ಬದ ದಿನ ಎದುರಾದವರಿಗೆ ಅವರು ಹೇಳುವ ಮಾತು "ಎನ್ಕ್ವಾನ್ ಅದೆರಸಾಚು". ನೀವು ಈ ಹಬ್ಬದವರೆಗೆ ಬಂದು ಮುಟ್ಟಿದಿರಿ, ಸಂತೋಷ ಅಂತ ಅದರ ಅರ್ಥ.