ಓದುಗರ ಪ್ರಶ್ನೆ: ಸಮ್ಮೋಹನದಿಂದ ಕೊಲೆ ಮಾಡಿಸಬಹುದೇ?

ಪ್ರಶ್ನೆ: ನಾನೊಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಮಲೆನಾಡಿನ ಒಂಟಿ ಮನೆಯೊಂದರಲ್ಲಿರುವ ಮಾಂತ್ರಿಕ ಸಮ್ಮೋಹನ ವಿದ್ಯೆ ಬಲ್ಲವನು. ತನ್ನ ಬಳಿ ಬಂದವರ ಮೇಲೆ ಯಕ್ಷಿಣಿಯನ್ನು ಆವಾಹನೆ ಮಾಡುವುದಾಗಿ ನಂಬಿಸಿ, ಅವರ ಕೈಯಿಂದಲೇ ಕೊಲೆ ಮಾಡಿಸುತ್ತಾನೆ. ಇಂಥದ್ದು ಎಲ್ಲಾದರೂ ನಿಜವಾಗಿ ನಡೆದಿದೆಯೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಡೆದಿದೆ ಎಂದು ಜ್ಯೂರಿಯೊಂದು ನಂಬಿ ಶಿಕ್ಷೆಯನ್ನೂ ಕೊಡಿಸಿದ ಪ್ರಕರಣವಿದೆ. ನಿಮ್ಮ ಕಥೆಗೆ ಅದಕ್ಕಿಂತ ಹತ್ತಿರದ ಮಾದರಿ ನನಗಂತೂ ಹೊಳೆಯುತ್ತಿಲ್ಲ. 1951ರ ಮಾರ್ಚ್ 29ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪಾಲೆ ಹಾರ್ಡ್ರುಪ್ ಎಂಬಾತ ಬ್ಯಾಂಕಿಗೆ ನುಗ್ಗಿ, ಇಬ್ಬರು ಸಿಬ್ಬಂದಿಯನ್ನು ಗುಂಡಿಕ್ಕಿ ಕೊಂದು, ಸೈಕಲ್ ಹತ್ತಿ ಪರಾರಿಯಾಗಲು ನೋಡಿ ಸಿಕ್ಕಿಬಿದ್ದ. ಮೊದಲು ಎಲ್ಲವೂ ತನ್ನೊಬ್ಬನ ಕೆಲಸವೆಂದೇ ಹೇಳಿದವನು, ತಿಂಗಳುಗಳು ಕಳೆದ ಮೇಲೆ ಬೇರೆಯೇ ಕಥೆ ಬಿಚ್ಚತೊಡಗಿದ. ಮಹಾಯುದ್ಧದ ಕಾಲದಲ್ಲಿ ಜರ್ಮನರ ಪಕ್ಷ ಸೇರಿದ್ದಕ್ಕಾಗಿ ಹಾರ್ಸೆನ್ಸ್ ಜೈಲಿನಲ್ಲಿದ್ದಾಗ ಅವನಿಗೆ ಬ್ಯೋರ್ನ್ ಸ್ಕೋವ್ ನೀಲ್ಸನ್ ಎಂಬ ಕೈದಿ ಜೊತೆಯಾಗಿದ್ದ. ನೀಲ್ಸನ್ ಅವನಿಗೆ ಯೋಗ, ಧ್ಯಾನ, ಆತ್ಮಲೋಕ ಎಂದೆಲ್ಲ ಉಪದೇಶಿಸುತ್ತ, ಜೊತೆಜೊತೆಗೆ ಸಮ್ಮೋಹನವನ್ನೂ ಪ್ರಯೋಗಿಸುತ್ತಿದ್ದನಂತೆ. ಕ್ರಮೇಣ ಹಾರ್ಡ್ರುಪ್‌ಗೆ ‘ಎಕ್ಸ್’ ಎಂಬ ರಕ್ಷಕ ಆತ್ಮವೊಂದು ತನ್ನೊಡನೆ ಮಾತನಾಡುತ್ತಿದೆ ಎಂಬ ನಂಬಿಕೆ ಬೇರೂರಿತು. ಆ ಆತ್ಮದ ಅಪ್ಪಣೆಗಳು ನೀಲ್ಸನ್‌ನ ಬಾಯಿಂದ ಬರುತ್ತಿದ್ದವು. ಜೈಲಿನಿಂದ ಹೊರಬಂದ ಮೇಲೂ ಈ ಹಿಡಿತ ಸಡಿಲಲಿಲ್ಲ. 1950ರಲ್ಲೇ ಹಾರ್ಡ್ರುಪ್ ಒಂದು ಬ್ಯಾಂಕ್ ದೋಚಿ, ಹಣವನ್ನು ನೀಲ್ಸನ್‌ಗೆ ಒಪ್ಪಿಸಿದ್ದ.

ಮನೋವೈದ್ಯ ಪಾಲ್ ರೈಟರ್ ಹಾರ್ಡ್ರುಪ್‌ನನ್ನು ದೀರ್ಘಕಾಲ ಪರೀಕ್ಷಿಸಿ, ಅವನು ನೀಲ್ಸನ್‌ನ ಸಮ್ಮೋಹನದ ಪ್ರಭಾವದಲ್ಲಿದ್ದನೆಂಬ ನಿರ್ಣಯಕ್ಕೆ ಬಂದರು. 1954ರಲ್ಲಿ, ಬ್ಯಾಂಕಿನೊಳಗೆ ಕಾಲೇ ಇಡದ ನೀಲ್ಸನ್‌ಗೆ ಜೀವಾವಧಿ ಶಿಕ್ಷೆಯಾಯಿತು. ಗುಂಡು ಹಾರಿಸಿದವನನ್ನು ಮನೋರೋಗಿಗಳ ಸಂಸ್ಥೆಗೆ ಕಳುಹಿಸಲಾಯಿತು. ನೀಲ್ಸನ್ ಸುಮ್ಮನಿರದೆ ಯುರೋಪಿನ ಮಾನವ ಹಕ್ಕುಗಳ ಆಯೋಗದವರೆಗೂ ಹೋದ, ಆದರೆ ಅಲ್ಲಿಯೂ ಅವನ ದೂರು ನಿಲ್ಲಲಿಲ್ಲ. ಕಥೆ ಇಲ್ಲಿಗೇ ಮುಗಿದಿದ್ದರೆ ನಿಮ್ಮ ಮಾಂತ್ರಿಕನಿಗೆ ಒಳ್ಳೆಯ ಪ್ರಮಾಣಪತ್ರ ಸಿಕ್ಕಂತಾಗುತ್ತಿತ್ತು. ಆದರೆ ಇಬ್ಬರೂ ಬಿಡುಗಡೆಯಾಗಿ ಕೆಲವು ವರ್ಷ ಕಳೆದ ಮೇಲೆ ಹಾರ್ಡ್ರುಪ್ ಪತ್ರಿಕೆಯೊಂದರ ಮುಂದೆ, ಸಮ್ಮೋಹನದ ಕಥೆ ತಾನು ಕಟ್ಟಿದ್ದು ಎಂದುಬಿಟ್ಟ.

ಕಾದಂಬರಿಕಾರರಾದ ನೀವು ಇಲ್ಲಿ ಗಮನಿಸಬೇಕಾದದ್ದು ಯಾವ ಹೇಳಿಕೆ ಸುಳ್ಳು ಎಂಬುದನ್ನಲ್ಲ. ಎರಡೂ ಹೇಳಿಕೆಗಳಲ್ಲಿ ಉಳಿದುಕೊಳ್ಳುವ ಒಂದು ಸಂಗತಿಯಿದೆ: ಸೋತು, ಎಲ್ಲರಿಂದ ದೂರಾಗಿ, ಪಾಪಪ್ರಜ್ಞೆಯಲ್ಲಿದ್ದ ಯುವಕ, ಅವನ ಬದುಕಿಗೆ ಅರ್ಥವಿದೆ ಎಂದು ದಿನವೂ ಕಿವಿಯಲ್ಲಿ ಹೇಳುತ್ತಿದ್ದ ಮತ್ತೊಬ್ಬ. ಆ ಕೆಲಸಕ್ಕೆ ವರ್ಷಗಳು ಹಿಡಿದಿವೆ. ನಿಮ್ಮ ಮಾಂತ್ರಿಕ ಮೊದಲ ಭೇಟಿಯಲ್ಲೇ, ಒಂದು ತಾಸಿನಲ್ಲಿ ಕೊಲೆಗಾರರನ್ನು ತಯಾರಿಸಿದರೆ ಓದುಗ ನಂಬುವುದಿಲ್ಲ. ಮೊದಲ ಐವತ್ತು ಪುಟಗಳಲ್ಲಿ ಯಕ್ಷಿಣಿಯ ಹೆಸರನ್ನೇ ಎತ್ತಬೇಡಿ. ಬಂದವನ ಸಾಲ, ಮನೆಯ ಜಗಳ, ಸತ್ತ ಮಗುವಿನ ದುಃಖ ಇವನ್ನು ಮಾಂತ್ರಿಕ ತಾಳ್ಮೆಯಿಂದ ಕೇಳಲಿ. ಉಳಿದ ನೆಂಟರಿಷ್ಟರಿಂದ ಅವನನ್ನು ಒಬ್ಬೊಬ್ಬರಾಗಿ ಬಿಡಿಸಲಿ. ಭಯ ಅಲ್ಲಿಂದ ಹುಟ್ಟಬೇಕು.

ಪ್ರಶ್ನೆ: ಸಮ್ಮೋಹನಕ್ಕೊಳಗಾದವರು ತಮ್ಮ ಆತ್ಮಸಾಕ್ಷಿಗೆ ವಿರುದ್ಧವಾದದ್ದನ್ನು ಮಾಡುವುದಿಲ್ಲ ಎಂದು ಓದಿದ್ದೇನೆ. ಇದಕ್ಕೆ ಆಧಾರವೇನು?
ಓದುಗರೊಬ್ಬರು, ಉಡುಪಿ

ಉತ್ತರ: ಈ ಮಾತು ಅರ್ಧ ನಿಜ, ಮತ್ತು ಆ ಅರ್ಧದಲ್ಲೇ ಸ್ವಾರಸ್ಯವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಮತ್ತು ಅವರ ಶಿಷ್ಯರು ಸಮ್ಮೋಹಿತ ರೋಗಿಗಳ ಕೈಗೆ ನಕಲಿ ಕಠಾರಿ ಕೊಟ್ಟು ‘ಕೊಲೆ’ ಮಾಡಿಸಿ ತೋರಿಸುತ್ತಿದ್ದರು. ಬ್ಲಾಂಶ್ ವಿಟ್‌ಮನ್ ಎಂಬ ರೋಗಿಯ ಬಗೆಗಿನ ಪ್ರಸಿದ್ಧ ಕಥೆಯಂತೆ, ಹೇಳಿದವರನ್ನೆಲ್ಲ ಇರಿದ ಆಕೆಗೆ ಕೊನೆಯಲ್ಲಿ ಯಾರೋ, ಈಗ ನೀನೊಬ್ಬಳೇ ಇದ್ದೀಯೆ, ಬಟ್ಟೆ ಬಿಚ್ಚಿ ಸ್ನಾನಕ್ಕೆ ಹೋಗು ಎಂದಾಗ ಆಕೆ ಅದಕ್ಕೆ ಒಪ್ಪಲಿಲ್ಲ. ಇರಿದದ್ದು ನಾಟಕವೆಂಬ ಅರಿವು ಒಳಗೆಲ್ಲೋ ಇತ್ತು. ಬಟ್ಟೆ ಬಿಚ್ಚುವುದು ನಾಟಕವಾಗಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದದ್ದು 1965ರಲ್ಲಿ ಮಾರ್ಟಿನ್ ಓರ್ನ್ ಮತ್ತು ಫ್ರೆಡ್ರಿಕ್ ಇವಾನ್ಸ್ ಪ್ರಕಟಿಸಿದ ಪ್ರಯೋಗ. ವಿಷದ ಹಾವನ್ನು ಹಿಡಿಯಿರಿ, ಆಮ್ಲದೊಳಗಿಂದ ನಾಣ್ಯ ತೆಗೆಯಿರಿ, ಆಮ್ಲವನ್ನು ಎದುರಿಗಿರುವವನ ಮುಖಕ್ಕೆ ಎರಚಿ ಎಂಬ ಆಜ್ಞೆಗಳನ್ನು ಸಮ್ಮೋಹಿತರಲ್ಲಿ ಹೆಚ್ಚಿನವರು ಪಾಲಿಸಿದರು. ಸಮ್ಮೋಹಿತರಾದಂತೆ ನಟಿಸಿ ಎಂದಷ್ಟೇ ಹೇಳಿಸಿಕೊಂಡು ಬಂದವರೂ ಅದನ್ನೇ ಮಾಡಿದರು. ಕೇಳಿದರೆ, ಇದು ಪ್ರಯೋಗಾಲಯ, ಇಲ್ಲಿ ಯಾರಿಗೂ ಅಪಾಯವಾಗಲು ಬಿಡುವುದಿಲ್ಲ ಎಂಬ ಭರವಸೆಯಿತ್ತು ಎಂದರು. ಅಂದರೆ ಕೈಯನ್ನು ಮುಂದೆ ಚಾಚಿಸಿದ್ದು ಸಮ್ಮೋಹನವಲ್ಲ, ಆಜ್ಞೆ ಕೊಟ್ಟವರ ಮೇಲಿನ ವಿಶ್ವಾಸ. ಖಳನಾಯಕನೊಬ್ಬ ಈ ವಿಶ್ವಾಸವನ್ನು ಕದ್ದರೆ ಸಾಕು. ಹಾಲಿಗೆ ಬೆರೆಸುವುದು ಮನೆಮದ್ದೆಂದು ನಂಬಿದ ಸೊಸೆ, ಯಾವ ಸಮ್ಮೋಹನವೂ ಇಲ್ಲದೆ ಮಾವನಿಗೆ ವಿಷ ಕುಡಿಸಿಯಾಳು.

ಪ್ರಶ್ನೆ: ದೃಷ್ಟಿಯ ಶಕ್ತಿಯಿಂದ, ಲೋಲಕದ ಚಲನೆಯಿಂದ ನಿದ್ದೆ ಬರಿಸುವುದು ಸಾಧ್ಯವೇ?
ಓದುಗರೊಬ್ಬರು, ಹಾಸನ

ಉತ್ತರ: ಲೋಲಕ ಗಮನವನ್ನು ಒಂದೆಡೆ ನಿಲ್ಲಿಸಲು ನೆರವಾಗುತ್ತದೆ, ಅಷ್ಟೆ. ಶಕ್ತಿ ಹೊರಗಿನಿಂದ ಹರಿದುಬರುತ್ತದೆ ಎಂಬ ವಾದಕ್ಕೆ 1784ರಲ್ಲೇ ಪರೀಕ್ಷೆ ನಡೆದಿದೆ. ಒಬ್ಬರಿಂದ ಇನ್ನೊಬ್ಬರಿಗೆ ಕಾಣದ ಶಕ್ತಿಯೊಂದು ಹರಿದು ರೋಗ ವಾಸಿಯಾಗುತ್ತದೆ ಎಂಬ ವೈದ್ಯ ಮೆಸ್ಮರ್‌ನ ‘ಪ್ರಾಣಿಕಾಂತತ್ವ’ವನ್ನು ಪರಿಶೀಲಿಸಲು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲಾವಾಸಿಯೇ, ಮತ್ತು ತಲೆ ಕಡಿಯುವ ಯಂತ್ರಕ್ಕೆ ಮುಂದೆ ಹೆಸರಾದ ವೈದ್ಯ ಗಿಯೋತೆನ್ ಇದ್ದರು. ಪಾಸಿ ಎಂಬಲ್ಲಿನ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಮೆಸ್ಮರ್‌ನ ಶಿಷ್ಯ ‘ಶಕ್ತಿ’ ತುಂಬಿದ್ದ. ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನೊಬ್ಬನನ್ನು ಬೇರೆ ಮರಗಳ ಬಳಿಗೆ ಒಂದಾದ ಮೇಲೊಂದರಂತೆ ಕರೆದೊಯ್ದರು. ಅವನು ಬೆವರಿದ, ತಲೆ ಸುತ್ತುತ್ತಿದೆ ಎಂದ, ಕೊನೆಗೆ ನಾಲ್ಕನೆಯ ಮರದ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಅದಾಗಿರಲಿಲ್ಲ.

ಆ ಸಮಿತಿ ಎಲ್ಲವೂ ಕಲ್ಪನೆಯ ಆಟ ಎಂದು ಕೈತೊಳೆದುಕೊಂಡಿತು. ಆ ಕಲ್ಪನೆಯೇ ಹುಡುಗನನ್ನು ಕೆಡವುವಷ್ಟು ಬಲಶಾಲಿ ಎಂಬುದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಮೊದಲಿಗರು ನಮ್ಮ ನೆರೆಯ ಗೋವಾದವರು. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫಾರಿಯಾ 1813ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಾತ್ಯಕ್ಷಿಕೆ ನಡೆಸುತ್ತ, ನಿದ್ದೆ ಬರುವುದು ಮಲಗುವವನ ಮನಸ್ಸಿನಿಂದಲೇ ಹೊರತು ಮಲಗಿಸುವವನ ಶಕ್ತಿಯಿಂದಲ್ಲ ಎಂದರು. ಪಣಜಿಗೆ ಹೋದರೆ ಹಳೆಯ ಸಚಿವಾಲಯದ ಪಕ್ಕದಲ್ಲಿ ಅವರ ಪ್ರತಿಮೆಯನ್ನು ನೋಡಬಹುದು. ಎರಡೂ ಕೈ ಚಾಚಿದ ಫಾರಿಯಾ, ಕೆಳಗೆ ಒರಗಿದ ಮಹಿಳೆ. ಶಿಲ್ಪಿ ಮಾತ್ರ ಎಲ್ಲ ಶಕ್ತಿಯನ್ನೂ ಆ ಕೈಗಳಿಗೇ ಕೊಟ್ಟುಬಿಟ್ಟಿದ್ದಾನೆ.

ಪ್ರಶ್ನೆ: ಕೊಲೆ ಆರೋಪಿಯೊಬ್ಬ ತಾನು ಸಮ್ಮೋಹನಕ್ಕೆ ಒಳಗಾಗಿದ್ದೆ ಎಂದರೆ ನ್ಯಾಯಾಲಯ ಬಿಡುತ್ತದೆಯೇ? ಪೊಲೀಸರು ಆರೋಪಿಯನ್ನು ಸಮ್ಮೋಹಿಸಿ ತಪ್ಪೊಪ್ಪಿಗೆ ಪಡೆಯಬಹುದೇ?
ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲ ಪ್ರಶ್ನೆಗೆ ಪ್ಯಾರಿಸ್ ಕೊಟ್ಟ ಉತ್ತರವನ್ನು ಮೊದಲು ನೋಡೋಣ. 1889ರ ಜುಲೈ 26ರಂದು ಗೂಫೆ ಎಂಬ ನ್ಯಾಯಾಲಯದ ಅಮೀನ, ಗಾಬ್ರಿಯೆಲ್ ಬೊಂಪಾರ್ ಎಂಬ ಯುವತಿಯ ಕೋಣೆಗೆ ಹೋದ. ಆಕೆ ಸರಸವಾಡುತ್ತ ತನ್ನ ನಿಲುವಂಗಿಯ ಸೊಂಟಪಟ್ಟಿಯನ್ನು ಅವನ ಕೊರಳಿಗೆ ಸುತ್ತಿದಳು. ಹಿಂದಿನ ಪರದೆಯ ಮರೆಯಲ್ಲಿ ಅವಳ ಪ್ರಿಯಕರ ಮಿಶೆಲ್ ಎಯ್ರೋ ಕಾದಿದ್ದ. ಪಟ್ಟಿಯ ತುದಿಯನ್ನು ರಾಟೆಯ ಹಗ್ಗಕ್ಕೆ ಸಿಕ್ಕಿಸಿ ಎಳೆದ. ಶವವನ್ನು ಚೀಲದಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ಲಿಯಾನ್‌ಗೆ ಸಾಗಿಸಿ ಹೊರವಲಯದಲ್ಲಿ ಎಸೆದರು. ಆಗಸ್ಟಿನಲ್ಲಿ ಸಿಕ್ಕ ಕೊಳೆತ ದೇಹ ಗೂಫೆಯದಲ್ಲ ಎಂದು ಮೊದಲು ತೀರ್ಮಾನವಾಗಿತ್ತು. ನವೆಂಬರಿನಲ್ಲಿ ಲಿಯಾನಿನ ಪ್ರಾಧ್ಯಾಪಕ ಲಕಸಾನ್ಯ್ ಹೂತ ದೇಹವನ್ನು ಮತ್ತೆ ತೆಗೆಸಿ, ಕಾಲಿನ ಮೂಳೆಯಲ್ಲಿದ್ದ ಹಳೆಯ ರೋಗದ ಗುರುತು, ಹಲ್ಲು, ತೊಳೆದ ಮೇಲೆ ನಿಜಬಣ್ಣಕ್ಕೆ ತಿರುಗಿದ ಕೂದಲು ಇವನ್ನು ಆಧರಿಸಿ ಅದು ಗೂಫೆಯೇ ಎಂದು ಸಾಧಿಸಿದರು.

1890ರ ಡಿಸೆಂಬರಿನ ವಿಚಾರಣೆಯಲ್ಲಿ ನಾನ್ಸಿ ನಗರದ ಕಾನೂನು ಪ್ರಾಧ್ಯಾಪಕ ಲಿಯೆಜ್ವಾ, ಬೊಂಪಾರ್ ಸಮ್ಮೋಹನಕ್ಕೆ ಸುಲಭವಾಗಿ ವಶವಾಗುವವಳು, ಎಯ್ರೋನ ಕೈಗೊಂಬೆ ಎಂದು ತಾಸುಗಟ್ಟಲೆ ವಾದಿಸಿದರು. ಪ್ಯಾರಿಸ್ಸಿನ ವೈದ್ಯರು ಅದನ್ನು ತಳ್ಳಿಹಾಕಿದರು. ಕೊಲೆಗೆ ಮುಂಚೆಯೇ ಲಂಡನ್ನಿನಲ್ಲಿ ಪೆಟ್ಟಿಗೆ ಕೊಂಡದ್ದು, ಶವಕ್ಕೆಂದು ಚೀಲ ಹೊಲಿದದ್ದು, ಇವೆಲ್ಲ ಮಂಪರಿನಲ್ಲಿ ಆಗುವ ಕೆಲಸಗಳಂತೆ ನನಗೂ ಕಾಣುವುದಿಲ್ಲ. ಎಯ್ರೋನ ತಲೆ 1891ರ ಫೆಬ್ರುವರಿಯಲ್ಲಿ ಉರುಳಿತು. ಬೊಂಪಾರ್‌ಗೆ ಇಪ್ಪತ್ತು ವರ್ಷಗಳ ಕಠಿಣ ಶಿಕ್ಷೆಯಾಗಿ, 1903ರಲ್ಲಿ ಬಿಡುಗಡೆಯಾಯಿತು. ಸಮ್ಮೋಹನದಿಂದ ನಿಜವಾದ ಅಪರಾಧ ಮಾಡಿಸಲಾಗದು ಎಂಬ ಪಕ್ಷದ ಮುಂದಾಳು ವೈದ್ಯ ಜೀಲ್ ದ ಲಾ ತೂರೆತ್ ಅವರ ಮೇಲೆ 1893ರಲ್ಲಿ ಮಾಜಿ ರೋಗಿಯೊಬ್ಬಳು ಗುಂಡು ಹಾರಿಸಿ, ತನ್ನ ಇಚ್ಛೆಗೆ ವಿರುದ್ಧವಾಗಿ ತನ್ನನ್ನು ಸಮ್ಮೋಹಿಸಿದರು ಎಂದು ದೂರಿದಳು. ವೈದ್ಯರು ಬದುಕಿಕೊಂಡರು. ಇದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಅತಿಯಾಯಿತೆಂದು ಕತ್ತರಿಸುತ್ತಿದ್ದರು.

ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂ, ಅಂದರೆ ಹಿಂದಿನ ದಂಡ ಸಂಹಿತೆಯ 84ನೆಯದು, ಚಿತ್ತಸ್ವಾಸ್ಥ್ಯವಿಲ್ಲದೆ ತನ್ನ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯಲಾಗದವರಿಗೆ ರಕ್ಷಣೆ ಕೊಡುತ್ತದೆ. ಅದನ್ನು ಸಾಬೀತುಪಡಿಸುವ ಹೊಣೆ ಆರೋಪಿಯದು. ಸಮ್ಮೋಹನದ ಹೆಸರು ಅದರಲ್ಲಿಲ್ಲ. ಇನ್ನು ಪೊಲೀಸರ ವಿಷಯ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮೆದುಳಿನ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿದೆ. ಆರೋಪಿ ಒಪ್ಪಿ ಮಂಪರು ಪರೀಕ್ಷೆಗೆ ಒಳಗಾದರೂ ಆಗ ಆಡಿದ ಮಾತು ತಾನೇ ಸಾಕ್ಷ್ಯವಾಗದು. ಆ ಮಾತಿನ ಬೆನ್ನು ಹತ್ತಿ ಸಿಕ್ಕ ವಸ್ತು ಸಾಕ್ಷ್ಯವಾಗಬಹುದು. ಸಮ್ಮೋಹನದ ಹೇಳಿಕೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗಲು ಕಾರಣವಿಲ್ಲ. ಪತ್ತೇದಾರಿ ಕಥೆಯ ಇನ್‌ಸ್ಪೆಕ್ಟರಿಗೆ ಬೇಕಾದದ್ದು ತಪ್ಪೊಪ್ಪಿಗೆಯಲ್ಲ, ಬಾವಿಯಲ್ಲಿ ಎಸೆದ ಕತ್ತಿ.

ಪ್ರಶ್ನೆ: ಬಸ್ ನಿಲ್ದಾಣಗಳಲ್ಲಿ ವಶೀಕರಣ ಮಾಡಿ ಒಡವೆ ದೋಚುತ್ತಾರೆ ಎಂಬ ಸುದ್ದಿಗಳು?
ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾತಿನ ಮೋಸ. ಮುಂದಿನ ಬೀದಿಯಲ್ಲಿ ಕೊಲೆಯಾಗಿದೆ, ನಾವು ಪೊಲೀಸರು, ಸರ ಬಿಚ್ಚಿ ಚೀಲದಲ್ಲಿಡಿ ಎಂದು ಗಾಬರಿ ಹುಟ್ಟಿಸಿ ಪೊಟ್ಟಣ ಬದಲಾಯಿಸುತ್ತಾರೆ. ಮೋಸ ಹೋದೆ ಎನ್ನುವುದಕ್ಕಿಂತ ವಶೀಕರಣ ಮಾಡಿದರು ಎನ್ನುವುದು ಮನೆಯವರ ಮುಂದೆ ಸುಲಭ.

ಪ್ರಶ್ನೆ: ನಮ್ಮ ಭಾಗದ ಬಾನಾಮತಿಯನ್ನು ಹಿನ್ನೆಲೆಯಾಗಿಟ್ಟುಕೊಂಡು ಅಪರಾಧ ಕಥೆ ಬರೆಯಬೇಕೆಂದಿದ್ದೇನೆ. ಮೂಢನಂಬಿಕೆಗೆ ನೀರೆರೆಯದೆ ಓದುಗರನ್ನು ಹೆದರಿಸುವುದು ಹೇಗೆ?
ಓದುಗರೊಬ್ಬರು, ಕಲಬುರಗಿ

ಉತ್ತರ: ರಾತ್ರಿ ಮಾಳಿಗೆಯ ಮೇಲೆ ಕಲ್ಲು ಬೀಳುವುದು, ಒಣಹಾಕಿದ ಸೀರೆಗೆ ತಾನಾಗಿ ಬೆಂಕಿ ಹತ್ತುವುದು, ಇವು ನಿಮ್ಮ ಕಡೆ ಎಲ್ಲರೂ ಕೇಳಿದ ಸಂಗತಿಗಳು. ಇವನ್ನು ಮೊದಲ ಅಧ್ಯಾಯದಲ್ಲೇ ವಿವರಿಸಿ ಮುಗಿಸಬೇಡಿ, ಕೊನೆಯವರೆಗೂ ವಿವರಿಸದೆ ಬಿಡಲೂ ಬೇಡಿ. ನನ್ನ ಅಭಿಪ್ರಾಯದಲ್ಲಿ ಕಥೆಯ ಎದೆ ನಡುಗಿಸುವ ಭಾಗ ಕಲ್ಲು ಬಿದ್ದ ರಾತ್ರಿಯಲ್ಲ, ಮರುದಿನದ ಬೆಳಿಗ್ಗೆ. ಇದನ್ನು ಯಾರು ಮಾಡಿಸಿದರು ಎಂಬ ಪ್ರಶ್ನೆ ಕಟ್ಟೆಯ ಮೇಲೆ ಹುಟ್ಟುತ್ತದೆ, ಸಂಜೆಯ ಹೊತ್ತಿಗೆ ಊರಂಚಿನ ಒಬ್ಬ ವಿಧವೆಯ ಹೆಸರು ಅದಕ್ಕೆ ಅಂಟಿಕೊಂಡಿರುತ್ತದೆ. ಕಲ್ಲು ಎಸೆದವನಿಗೆ ಆಕೆಯ ಹೊಲ ಬೇಕಿದ್ದರೆ ಊರನ್ನೇ ಸಮ್ಮೋಹಿಸಿದಂತಾಯಿತು. ಅವನು ಯಾರ ಕಣ್ಣನ್ನೂ ನೆಟ್ಟು ನೋಡಬೇಕಿಲ್ಲ.

ತನಿಖೆಯ ಎಳೆಗೆ ಎರಡು ಆಸರೆಗಳಿವೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪವಾಡಪುರುಷರಿಗೆ ಬಹಿರಂಗ ಪರೀಕ್ಷೆಯ ಸವಾಲು ಹಾಕಿದ್ದರು. ನಿಮ್ಮ ಕಥೆ ಆ ಕಾಲದ್ದಾದರೆ ಪ್ರಶ್ನೆ ಕೇಳುವ ಯುವ ಅಧ್ಯಾಪಕನೊಬ್ಬ ಆ ಗಾಳಿಯಲ್ಲೇ ಬೆಳೆದವನಾಗಿರಬಹುದು. ಇಂದಿನದ್ದಾದರೆ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ 2017ರ ಅಧಿನಿಯಮ 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು ಅದರಡಿ ಅಪರಾಧ. ದೆವ್ವ ಇದೆಯೋ ಇಲ್ಲವೋ ಎಂದು ಆ ಕಾನೂನು ಕೇಳುವುದಿಲ್ಲ, ಬಾರುಕೋಲು ಯಾರ ಕೈಯಲ್ಲಿತ್ತು ಎಂದು ಕೇಳುತ್ತದೆ. ನಿಮ್ಮ ಪಿಎಸ್‌ಐ ಕೂಡ ಊರಿಗೆ ಬಂದ ದಿನ ಅಷ್ಟನ್ನೇ ಕೇಳಲಿ, ಮತ್ತು ಆ ಪ್ರಶ್ನೆಗೆ ಊರಿನಲ್ಲಿ ಒಬ್ಬರೂ ಬಾಯಿ ಬಿಡದಿರಲಿ.