ಎಲೆ ನೋಡಿ ಬೆಳೆಗೆ ಬಂದ ರೋಗ ಯಾವುದೆಂದು ಗುರುತಿಸುವುದು ಹೇಗೆ?

ಟೊಮೆಟೊ, ಮೆಣಸಿನ ಗಿಡಗಳಲ್ಲಿ ಹಳದಿ ಎಲೆ, ಚುಕ್ಕೆ, ಬಾಡುವಿಕೆ ಮೂರೂ ಇವೆ, ಎಲ್ಲಕ್ಕೂ ಒಂದೇ ಶಿಲೀಂಧ್ರನಾಶಕ ಹೊಡೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ತಾಮ್ರದ ಔಷಧಿ ದುಂಡಾಣು (ಬ್ಯಾಕ್ಟೀರಿಯಾ) ಚುಕ್ಕೆಯನ್ನು ಒಂದಷ್ಟು ತಡೆದೀತು. ನಂಜುರೋಗ (ವೈರಸ್ ರೋಗ), ಬೇರಿನ ಜಂತುಹುಳು, ಪೋಷಕಾಂಶದ ಕೊರತೆ ಇವುಗಳ ಮುಂದೆ ಶಿಲೀಂಧ್ರನಾಶಕದ ಆಟ ನಡೆಯುವುದಿಲ್ಲ.

ಎಲೆ ಕೀಳುವ ಮೊದಲು ಬದುವಿನ ಮೇಲೆ ನಿಂತು ಇಡೀ ಹೊಲ ನೋಡಿ. ರೋಗ ಸಾಮಾನ್ಯವಾಗಿ ಒಂದು ಕಡೆ ಹುಟ್ಟಿ ಅಕ್ಕಪಕ್ಕಕ್ಕೆ ಹರಡುತ್ತದೆ. ಒಂದೆರಡು ದಿನದಲ್ಲೇ ಹೊಲವೆಲ್ಲ ಒಂದೇ ಸಮ ಕೆಟ್ಟಿದ್ದರೆ, ಇಲ್ಲವೇ ಸಾಲು ಹಿಡಿದು ಕೆಟ್ಟಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಗೊಬ್ಬರ, ನೀರು, ಕಳೆನಾಶಕದ ಮೇಲೆ. 2,4-ಡಿ ಎಂಬ ಕಳೆನಾಶಕ ಗಾಳಿಯಲ್ಲಿ ತೇಲಿಬಂದು ತಗುಲಿದರೆ ಟೊಮೆಟೊ ಚಿಗುರು ಸಪೂರವಾಗಿ ತಿರುಚಿಕೊಳ್ಳುತ್ತದೆ. ಅದನ್ನು ನಂಜುರೋಗವೆಂದು ತಿಳಿದು ಗಿಡ ಕಿತ್ತು ಹಾಕುವವರಿದ್ದಾರೆ.

ಹಳದಿ ಬಣ್ಣದ ವಿಷಯದಲ್ಲಿ ಅದು ಹಳೆ ಎಲೆಯೋ ಹೊಸ ಎಲೆಯೋ ಎಂಬುದೇ ಮುಖ್ಯ. ಕೆಳಗಿನ ಹಳೆ ಎಲೆ ಪೂರ್ತಿ ಪೇಲವವಾಗಿದ್ದರೆ ಸಾರಜನಕದ ಕೊರತೆ. ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ, ಅದೇ ಲಕ್ಷಣ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಕೊರತೆಯ ಹಳದಿ ಸಾಮಾನ್ಯವಾಗಿ ಎಲೆಯ ಎರಡೂ ಮಗ್ಗುಲಲ್ಲಿ ಸಮವಾಗಿರುತ್ತದೆ. ನಂಜುರೋಗದ್ದು ಹಾಗಲ್ಲ. ತಿಳಿ ಹಸಿರು, ಕಡು ಹಸಿರು ತೇಪೆ ಹಾಕಿದಂತೆ ಅಡ್ಡಾದಿಡ್ಡಿ ಇರುತ್ತದೆ, ಎಲೆಯೂ ಚಿಕ್ಕದಾಗಿ ಸುಕ್ಕುಗಟ್ಟುತ್ತದೆ.

ಚುಕ್ಕೆಗೆ ಬಂದರೆ, ಕೆಳಗಿನ ಎಲೆಗಳಲ್ಲಿ ಒಳಗೊಳಗೇ ಬಳೆ ಇಟ್ಟಂತೆ ಉಂಗುರಗಳಿರುವ ಕಂದು ಮಚ್ಚೆ ಕಂಡರೆ ಮುಂಚಿನ ಅಂಗಮಾರಿ. ಉಂಗುರವಿಲ್ಲದೆ, ಬಿಸಿನೀರು ಬಿದ್ದಂತೆ ಅಂಚಿನಿಂದ ಕಪ್ಪಾಗುತ್ತ ಬಂದು, ಬೆಳಗಿನ ತೇವದಲ್ಲಿ ಎಲೆ ಮಗುಚಿದಾಗ ಮಚ್ಚೆಯ ಸುತ್ತ ಬಿಳಿ ಬೂಜು ಕಂಡರೆ ತಡ ಅಂಗಮಾರಿ. ಮೊದಲನೆಯದಕ್ಕೆ ಸ್ವಲ್ಪ ಸಮಯ ಕೊಡಬಹುದು. ಎರಡನೆಯದು ತಂಪು, ಮೋಡ, ಇಬ್ಬನಿ ಸೇರಿದರೆ ಕೆಲವೇ ದಿನಗಳಲ್ಲಿ ಬೆಳೆಯನ್ನೇ ಸುಟ್ಟಂತೆ ಮಾಡುತ್ತದೆ. ದುಂಡಾಣು ಚುಕ್ಕೆ ಚಿಕ್ಕದು. ಶುರುವಿನಲ್ಲಿ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚಿದ ಕಾಗದದಂತೆ ಕಾಣುತ್ತದೆ, ಹಲವು ಬಾರಿ ಸುತ್ತ ಹಳದಿ ಅಂಚೂ ಇರುತ್ತದೆ.

ಬೆರಳಿಗೆ ಕಂದು ಪುಡಿ ಹತ್ತಿದರೆ ತುಕ್ಕು, ಬಿಳಿ ಪುಡಿ ಹತ್ತಿದರೆ ಬೂದಿ ರೋಗ.

ಬಾಡುವಿಕೆಯಲ್ಲೇ ಹೆಚ್ಚು ಎಡವುವುದು. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಇನ್ನಷ್ಟು ನೀರು ಬಿಡಬೇಡಿ, ಬುಡಸಮೇತ ಕೀಳಿ. ಬೇರಿನಲ್ಲಿ ಗಂಟುಗಳಿದ್ದು ಉಜ್ಜಿದರೂ ಉದುರದಿದ್ದರೆ ಜಂತುಹುಳು. (ದ್ವಿದಳ ಬೆಳೆಯಲ್ಲಿ ಸುಲಭವಾಗಿ ಕಳಚಿಬಂದು ಒಳಗೆ ನಸುಗೆಂಪಾಗಿರುವ ಗಂಟು ಒಳ್ಳೆಯದು, ಸಾರಜನಕ ಹಿಡಿದುಕೊಡುವಂಥದ್ದು.) ಬೇರು ಚೆನ್ನಾಗಿದ್ದರೆ ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ತೊಗಟೆಯ ಒಳಗೇ ಕಂದು ಗೆರೆ ಕಂಡರೆ ಸೊರಗು ರೋಗ. ಅದು ಶಿಲೀಂಧ್ರದ್ದೋ ದುಂಡಾಣುವಿನದ್ದೋ ತಿಳಿಯಲು ಒಂದು ಲೋಟ ನೀರು ಸಾಕು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ. ಬುಡದ ಕಡೆಯಿಂದ ನಾಲ್ಕೈದು ಸೆಂ.ಮೀ. ಕಾಂಡವನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಅದರ ತುದಿ ಮಾತ್ರ ನೀರಿನಲ್ಲಿ ಅದ್ದಿರುವಂತೆ ಹಿಡಿಯಿರಿ, ಅಲುಗಾಡಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ದುಂಡಾಣುವಾದರೆ ಸಾಮಾನ್ಯವಾಗಿ ಐದು ನಿಮಿಷದೊಳಗೆ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿಯುತ್ತದೆ. ಶಿಲೀಂಧ್ರವಾದರೆ ನೀರು ತಿಳಿಯಾಗೇ ಉಳಿಯುತ್ತದೆ. ಪೂರ್ತಿ ಒಣಗಿದ ಗಿಡದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ, ಈಗಷ್ಟೇ ಬಾಡಲು ಶುರುವಾದದ್ದನ್ನು ಆರಿಸಿ. ಹೊರಗಿನಿಂದಲೂ ಒಂದು ಸುಳಿವಿದೆ: ದುಂಡಾಣು ಸೊರಗಿನಲ್ಲಿ ಗಿಡ ಹಸಿರಾಗಿರುವಾಗಲೇ ದಿಢೀರನೆ ಜೋತುಬೀಳುತ್ತದೆ, ಶಿಲೀಂಧ್ರದ್ದರಲ್ಲಿ ಕೆಳಗಿನ ಎಲೆ, ಎಷ್ಟೋ ಸಲ ಒಂದೇ ಮಗ್ಗುಲಿನದು, ಮೊದಲು ಹಳದಿಯಾಗುತ್ತದೆ.

ಮೆಣಸಿನಲ್ಲಿ ಎಲೆ ಮುಟುರುವುದಕ್ಕೂ ಔಷಧಿ ತಪ್ಪುವುದು ಹೆಚ್ಚು. ಎಲೆ ಮೇಲಕ್ಕೆ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಬಾಗಿ ತೊಟ್ಟು ನೀಳವಾಗಿದ್ದರೆ ಮೈಟ್ ನುಸಿ. ಬಹಳಷ್ಟು ಕೀಟನಾಶಕಗಳು ಮೈಟ್ ನುಸಿಯನ್ನು ಮುಟ್ಟುವುದಿಲ್ಲ. ಎರಡೂ ಸಿಗದೆ, ಗಿಡ ಗಿಡ್ಡವಾಗಿ ಬಿಳಿನೊಣ ಇದ್ದರೆ ನಂಜುರೋಗ ಇರಬಹುದು. ಅದಕ್ಕೆ ಮದ್ದಿಲ್ಲ. ಗಿಡ ಕಿತ್ತು ದೂರ ಹಾಕಿ, ನೊಣವನ್ನು ಹತೋಟಿಗೆ ತನ್ನಿ.

ಇಷ್ಟಾದರೂ ಸಂಶಯ ಉಳಿದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಸತ್ತ ಗಿಡ ಬೇಡ, ಅದರಲ್ಲಿ ಕೊಳೆಸುವ ಬೂಜುಗಳೇ ತುಂಬಿರುತ್ತವೆ. ಅರ್ಧ ರೋಗ, ಅರ್ಧ ಜೀವ ಇರುವ ಗಿಡವನ್ನು ಬೇರುಸಮೇತ ಅಗೆದು, ಬೇರಿಗಷ್ಟೇ ಮಣ್ಣಿನೊಂದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಲೆಗಳನ್ನು ಒಣ ಕಾಗದದಲ್ಲಿ ಸುತ್ತಿ. ಒದ್ದೆ ಎಲೆ ಪ್ಲಾಸ್ಟಿಕ್ಕಿನಲ್ಲಿ ಕೊಳೆತರೆ ಯಾರಿಗೂ ಏನೂ ತಿಳಿಯದು. ಕೊನೆಯದಾಗಿ ಏನು ಹೊಡೆದಿರಿ, ಎಂದು ಹೊಡೆದಿರಿ ಎಂಬುದನ್ನೂ ಚೀಟಿಯಲ್ಲಿ ಬರೆದಿಡಿ.